ಅಗ್ನಿ ಸಂಕೇತ ಮತ್ತು ಸೇನಾ ನಾಮಕರಣ

ಹಿಂದೂ ಪರಂಪರೆಯಲ್ಲಿ ಅಗ್ನಿ ದೇವತೆಯೂ ಹೌದು, ಪಂಚಭೂತಗಳಲ್ಲಿ ಒಂದೂ ಹೌದು. ಆಗ್ನೇಯ ದಿಕ್ಕಿಗೆ ಅವನೇ ಒಡೆಯ. ಯಜ್ಞದಲ್ಲಿ ದೇವತೆಗಳನ್ನು ಕರೆಯುವವನು, ಮದುವೆಯಲ್ಲಿ ಸಾಕ್ಷಿ, ಉಂಡದ್ದನ್ನು ಅರಗಿಸುವ ಜಠರಾಗ್ನಿ, ಕೊನೆಗೆ ಚಿತೆಯ ಉರಿ, ಎಲ್ಲವೂ ಅವನೇ. ಸ್ವತಂತ್ರ ಭಾರತದ ರಕ್ಷಣಾ ವ್ಯವಸ್ಥೆ ಈ ಹೆಸರನ್ನೂ ಇದರ ಬಳಗದ ಹೆಸರುಗಳನ್ನೂ ತನ್ನ ಆಯುಧ, ವಿಮಾನ, ನೇಮಕಾತಿ ಯೋಜನೆಗಳಿಗೆ ಇಟ್ಟುಕೊಂಡಿದೆ. 1989ರಲ್ಲಿ ಮೊದಲು ಹಾರಿದ ಅಗ್ನಿ ಕ್ಷಿಪಣಿ, ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನ, 2022ರಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆ ಮತ್ತು ಅದರಡಿ ಸೇನೆ ಸೇರುವ ಅಗ್ನಿವೀರರು ಇವುಗಳಲ್ಲಿ ಮುಖ್ಯವಾದವು. ಈ ಹೆಸರುಗಳನ್ನು ಕೇಳಿದವರು ಸಾಮಾನ್ಯವಾಗಿ ಸುಡುವ ಶಕ್ತಿಯೊಂದನ್ನೇ ಕಾಣುತ್ತಾರೆ. ಆದರೆ ಮೂಲ ಕಥನಗಳಲ್ಲಿ ಅಗ್ನಿಯ ಮೊದಲ ಕೆಲಸ ಹೊತ್ತೊಯ್ಯುವುದು. ಆಯುಧ ಕೊಡುವುದೂ ಕೊಟ್ಟದ್ದನ್ನು ಮರಳಿ ಕೇಳುವುದೂ ಅವನ ಸ್ವಭಾವದಲ್ಲೇ ಇದೆ. ಈ ಪೂರ್ಣ ಚಿತ್ರವನ್ನು ಎದುರಿಗಿಟ್ಟುಕೊಳ್ಳದೆ ಹೆಸರುಗಳ ಅರ್ಥ ತಿಳಿಯುವುದಿಲ್ಲ.

ಬೆಂಕಿ, ಕಿಚ್ಚು, ಅಗ್ನಿ

ಕನ್ನಡದಲ್ಲಿ ಉರಿಯುವುದೆಲ್ಲ ಅಗ್ನಿಯಲ್ಲ. ಒಲೆಯಲ್ಲಿರುವುದು ಬೆಂಕಿ, ಬಣವೆಗೆ ಬೀಳುವುದೂ ಬೆಂಕಿ. ಸಂಕ್ರಾಂತಿಯ ಸಂಜೆ ಹಳೇ ಮೈಸೂರಿನ ಊರುಗಳಲ್ಲಿ ದನಗಳನ್ನು ಹಾಯಿಸುವುದು ಕಿಚ್ಚು. ಹರಕೆ ಹೊತ್ತವರು ಬರಿಗಾಲಲ್ಲಿ ಹಾಯುವುದು ಕೊಂಡ. ಅಸೂಯೆಯೂ ಹೊಟ್ಟೆಕಿಚ್ಚೇ. ಮದುವೆ ಮಾತ್ರ ಅಗ್ನಿಸಾಕ್ಷಿಯಾಗಿ ನಡೆಯುತ್ತದೆ, ಚಿತೆಗೆ ಮಾಡುವುದು ಅಗ್ನಿಸ್ಪರ್ಶ, ಬದುಕು ಒಡ್ಡುವುದು ಅಗ್ನಿಪರೀಕ್ಷೆ. ಬೆಂಕಿ ಆರಿಸಲು ಗಂಟೆ ಬಾರಿಸುತ್ತ ಬರುವ ಸರ್ಕಾರಿ ವಾಹನದ ಮೇಲೂ ಅಗ್ನಿಶಾಮಕ ಎಂದೇ ಬರೆದಿರುತ್ತದೆ. ಇಂದಿನ ಹುಡುಗರು ಮೆಚ್ಚಿದ್ದಕ್ಕೆಲ್ಲ ‘ಬೆಂಕಿ’ ಎನ್ನುತ್ತಾರೆ. ಯಾರೂ ‘ಅಗ್ನಿ’ ಎನ್ನುವುದಿಲ್ಲ. ಸಂಸ್ಕೃತದ ಈ ಪದ ನಮ್ಮ ಮಾತಿಗೆ ಬರುವಾಗ ವಿಧಿಯನ್ನೂ ಸಾಕ್ಷಿಯನ್ನೂ ಜೊತೆಗೆ ತರುತ್ತದೆ. ಒಂದು ರಾಷ್ಟ್ರ ತನ್ನ ಕ್ಷಿಪಣಿಗೆ ಈ ಪದವನ್ನು ಆರಿಸಿದಾಗ ಆ ಗಾಂಭೀರ್ಯವೂ ಅದರೊಡನೆ ಬಂತು.

ವೇದದ ಅಗ್ನಿ

ಋಗ್ವೇದದ ಮೊದಲ ಸೂಕ್ತ ಅಗ್ನಿಗೆ ಸಂದದ್ದು. ಇಡೀ ಸಂಹಿತೆಯ ಮೊದಲ ಪದವೂ ಅವನ ಹೆಸರೇ. ಸುಮಾರು 200 ಸೂಕ್ತಗಳು ಅವನನ್ನು ಹೊಗಳುತ್ತವೆ. ಇದಕ್ಕಿಂತ ಹೆಚ್ಚು ಸೂಕ್ತಗಳಿರುವುದು ಇಂದ್ರನಿಗೆ ಮಾತ್ರ. ಅಗ್ನಿಯ ಹೆಸರುಗಳನ್ನು ಸಾಲಾಗಿ ಇಟ್ಟರೆ ಅವನ ಕೆಲಸಗಳ ಪಟ್ಟಿಯೇ ಸಿಗುತ್ತದೆ. ಹುಟ್ಟಿದ್ದನ್ನೆಲ್ಲ ಬಲ್ಲವನಾದ್ದರಿಂದ ಜಾತವೇದ, ಎಲ್ಲ ನರರಲ್ಲೂ ಇರುವವನಾದ್ದರಿಂದ ವೈಶ್ವಾನರ, ಶುದ್ಧಿ ಮಾಡುವವನಾದ್ದರಿಂದ ಪಾವಕ, ಹವಿಸ್ಸನ್ನು ಒಯ್ಯುವವನಾದ್ದರಿಂದ ಹವ್ಯವಾಹ. ‘ವಹ್ನಿ’ ಎಂಬ ಹೆಸರಿನಲ್ಲಿರುವ ಧಾತು ‘ವಾಹನ’ದಲ್ಲೂ ಇದೆ, ಹೊರುವುದು, ಒಯ್ಯುವುದು ಎಂದು ಅದರ ಅರ್ಥ. ಮನುಷ್ಯ ಕುಳಿತಲ್ಲಿಂದಲೇ ಕೊಟ್ಟದ್ದನ್ನು ಕಣ್ಣಿಗೆ ಕಾಣದ ದೂರಕ್ಕೆ ಮುಟ್ಟಿಸುವ ದೂತ ಅವನು.

ಯಜ್ಞಶಾಲೆಯಲ್ಲಿ ಒಂದೇ ಬೆಂಕಿ ಮೂರು ಕುಂಡಗಳಲ್ಲಿ ಮೂರಾಗುತ್ತದೆ. ದುಂಡನೆಯ ಕುಂಡದಲ್ಲಿ ಗೃಹಸ್ಥನ ಗಾರ್ಹಪತ್ಯ, ಚೌಕದಲ್ಲಿ ದೇವತೆಗಳ ಆಹವನೀಯ, ಅರ್ಧಚಂದ್ರದಲ್ಲಿ ಪಿತೃಗಳ ದಕ್ಷಿಣಾಗ್ನಿ. ಮುಂಡಕೋಪನಿಷತ್ತು ಅವನಿಗೆ ಏಳು ನಾಲಗೆಗಳನ್ನು ಹೇಳಿ ಕಾಳೀ, ಕರಾಲೀ, ಮನೋಜವಾ ಎಂದು ಒಂದೊಂದಕ್ಕೂ ಹೆಸರಿಡುತ್ತದೆ. ಹೊಯ್ಸಳ ದೇಗುಲಗಳ ಒಳಛಾವಣಿಯಲ್ಲಿ ಅಷ್ಟದಿಕ್ಪಾಲಕರನ್ನು ಕೆತ್ತಿರುವ ಕಡೆ ತಲೆಯೆತ್ತಿ ನೋಡಿದರೆ ಟಗರಿನ ಮೇಲೆ ಕುಳಿತ ಅಗ್ನಿಯನ್ನು ಸುಲಭವಾಗಿ ಗುರುತಿಸಬಹುದು.

ಈ ಬೆಂಕಿ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕೆಳಗೆ ಅಡ್ಡಲಾಗಿ ಒಂದು ಮರದ ತುಂಡು, ಅದರಲ್ಲೊಂದು ಕುಳಿ; ಆ ಕುಳಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕಡೆಗೋಲು. ಇದೇ ಅರಣಿ. ಒಬ್ಬರು ಮೇಲಿನಿಂದ ಅದುಮಿ ಹಿಡಿಯುತ್ತಾರೆ, ಇನ್ನೊಬ್ಬರು ಹಗ್ಗ ಸುತ್ತಿ ಮೊಸರು ಕಡೆಯುವಂತೆ ಎಡಕ್ಕೂ ಬಲಕ್ಕೂ ಎಳೆಯುತ್ತಾರೆ. ಮೊದಲು ಬರುವುದು ಸುಟ್ಟ ಮರದ ವಾಸನೆ. ಆಮೇಲೆ ಕುಳಿಯ ಅಂಚಿನಲ್ಲಿ ಕಪ್ಪು ಪುಡಿ ಕೂಡುತ್ತದೆ, ಎಳೆಯಾಗಿ ಹೊಗೆ ಏಳುತ್ತದೆ. ಎಳೆಯುವವರ ತೋಳು ಸೋತು ಬರುವ ಹೊತ್ತಿಗೆ ಆ ಪುಡಿಯೊಳಗೆ ಸಾಸಿವೆಯಷ್ಟು ಕೆಂಪು ಕಾಣಿಸುತ್ತದೆ. ಅದನ್ನು ನಾರಿನ ಉಂಡೆಗೆ ಸುರಿದು, ಬೊಗಸೆಯಲ್ಲಿ ಹಿಡಿದು, ಮಗುವಿನ ಮುಖಕ್ಕೆ ಊದುವಷ್ಟು ಮೆತ್ತಗೆ ಊದಬೇಕು. ಜೋರಾಗಿ ಊದಿದರೆ ಆರಿಹೋಗುತ್ತದೆ. ಋಗ್ವೇದ ಅಗ್ನಿಯನ್ನು ಬಲದ ಮಗ ಎಂದು ಕರೆಯುವುದೇಕೆ ಎಂಬುದು ಈ ಹಗ್ಗ ಎಳೆದವರಿಗೆ ಬೇರೆ ಹೇಳಬೇಕಾಗಿಲ್ಲ.

ಅರಣಿಗೆ ಶ್ರೇಷ್ಠವೆಂದು ಹೇಳಿರುವುದು ಶಮೀವೃಕ್ಷದ ಮೇಲೆ ಬೇರೂರಿ ಬೆಳೆದ ಅಶ್ವತ್ಥದ ಮರ. ಪುರೂರವ ಗಂಧರ್ವರಿಂದ ಪಡೆದು ತಂದ ಬೆಂಕಿ ಅಶ್ವತ್ಥವಾಯಿತು, ಅದನ್ನು ಇಟ್ಟಿದ್ದ ಪಾತ್ರೆ ಶಮಿಯಾಯಿತು ಎಂದು ಶತಪಥ ಬ್ರಾಹ್ಮಣ ಕಥೆ ಹೇಳುತ್ತದೆ. ಬೆಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಆ ಶಮಿಯೇ ನಮ್ಮ ಬನ್ನಿ ಮರ.

ಬನ್ನಿ ಮರ ಮತ್ತು ಆಯುಧ

ಪಾಂಡವರು ಅಜ್ಞಾತವಾಸಕ್ಕೆ ವಿರಾಟನ ಊರು ಹೊಗುವ ಮುನ್ನ ಆಯುಧಗಳನ್ನು ಕಟ್ಟಿಟ್ಟದ್ದು ಇದೇ ಮರದ ಮೇಲೆ. ವರ್ಷ ಕಳೆದ ಮೇಲೆ ಉತ್ತರಕುಮಾರ ಹತ್ತಿ ಗಂಟು ಬಿಚ್ಚಿದಾಗ ಅವನಿಗೆ ಬಿಲ್ಲುಗಳು ಸರ್ಪಗಳಂತೆ ಕಂಡವು. ಕುಮಾರವ್ಯಾಸನ ಓದುಗರಿಗೆ ಈ ಸಂದರ್ಭವನ್ನು ವಿವರಿಸಬೇಕಾಗಿಲ್ಲ. ಗಮಕಿಗಳು ಊರೂರಿನಲ್ಲಿ ಇದನ್ನು ಹಾಡಿದ್ದಾರೆ. ಬೆಂಕಿಯ ಬಸಿರು ಮತ್ತು ಆಯುಧದ ಬೀಡು ಎರಡೂ ಒಂದೇ ಮರವಾದದ್ದು ಆಕಸ್ಮಿಕವಲ್ಲವೆಂದೇ ತೋರುತ್ತದೆ. ಎರಡನ್ನೂ ಬೇಕಾಗುವ ತನಕ ಒಳಗೆ ಮಲಗಿಸಿಡಬೇಕು.

ಮೈಸೂರು ದಸರೆಯ ಜಂಬೂ ಸವಾರಿ ತಲುಪುವುದು ಬನ್ನಿಮಂಟಪಕ್ಕೆ, ಅಂದಿನ ರಾತ್ರಿ ಅಲ್ಲಿ ನಡೆಯುವುದು ಪಂಜಿನ ಕವಾಯತು. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯಂದು ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎಂದು ಹೇಳಿ ಹಿರಿಯರ ಕಾಲಿಗೆ ಬೀಳುತ್ತಾರೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಮೇಲೆ, ಮನೆಯ ಕೋವಿ ಒಡಿಕತ್ತಿಗಳನ್ನು ತೊಳೆದು ನಡುಮನೆಯಾದ ನೆಲ್ಲಕ್ಕಿಯಲ್ಲಿ ಇಟ್ಟು ಪೂಜಿಸುತ್ತಾರೆ. ಕೋವಿಯ ನಳಿಗೆಯ ತುದಿಗೆ ಸಿಗಿಸುವ ಹೂವು ತೋಕ್‌ಪೂ: ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಎಸಳೆಲ್ಲ ಅಲೆಅಲೆಯಾಗಿ ಮೇಲಕ್ಕೆ ಹೊರಳಿದ ಕಾಡುಬಳ್ಳಿಯ ಹೂವು. ಸಂಸ್ಕೃತದಲ್ಲಿ ಇದರ ಹೆಸರು ಅಗ್ನಿಶಿಖಾ. ಕೋವಿಯ ಬಾಯಲ್ಲಿ ಉರಿ ಬರುವ ಜಾಗಕ್ಕೆ ಉರಿಯಂತಹ ಹೂವನ್ನೇ ಇಟ್ಟ ಆ ಕೈಗಳು ಶಾಸ್ತ್ರ ಓದಿ ಹಾಗೆ ಮಾಡಿದ್ದಲ್ಲ. ಸೇನೆಯ ಘಟಕಗಳಲ್ಲೂ ಆಯುಧಪೂಜೆ ಹಳೆಯ ವಾಡಿಕೆ. 2019ರ ಅಕ್ಟೋಬರ್ 8ರಂದು ಫ್ರಾನ್ಸಿನಲ್ಲಿ ಮೊದಲ ರಫೇಲ್ ವಿಮಾನವನ್ನು ಪಡೆದಾಗ ರಕ್ಷಣಾ ಸಚಿವ ರಾಜನಾಥ ಸಿಂಗ್ ಅದರ ಮೈಮೇಲೆ ಓಂಕಾರ ಬರೆದರು, ಚಕ್ರಗಳ ಕೆಳಗೆ ನಿಂಬೆಹಣ್ಣು ಇರಿಸಲಾಗಿತ್ತು.

ಆಯುಧ ಕೊಡುವ ದೇವತೆ

ಮಹಾಭಾರತದಲ್ಲಿ ಆಗ್ನೇಯಾಸ್ತ್ರಕ್ಕೆ ಒಂದು ವಂಶಾವಳಿಯೇ ಇದೆ. ಭರದ್ವಾಜನಿಂದ ಅಗ್ನಿವೇಶ, ಅವನಿಂದ ದ್ರೋಣ, ದ್ರೋಣನಿಂದ ಅರ್ಜುನ. ಯಾರು ಯಾರಿಗೆ ಕೊಟ್ಟರು ಎಂಬುದನ್ನು ಕಾವ್ಯ ಎಚ್ಚರಿಕೆಯಿಂದ ದಾಖಲಿಸುತ್ತದೆ. ಅರ್ಜುನ ಅದನ್ನು ಗಂಗೆಯ ದಡದಲ್ಲಿ ಅಂಗಾರಪರ್ಣ ಎಂಬ ಗಂಧರ್ವನ ಮೇಲೆ ಬಿಡುತ್ತಾನೆ; ಗಂಧರ್ವನ ಚೆಲುವಾದ ರಥ ಸುಟ್ಟುಹೋಗುತ್ತದೆ. ಸೋತ ಗಂಧರ್ವ ಹೇಳುವ ಮಾತು ನಾಮಕರಣದ ಈ ಚರ್ಚೆಗೆ ನೇರವಾಗಿ ಸಲ್ಲುತ್ತದೆ. ಚಿತ್ರರಥನಾಗಿದ್ದ ತಾನು ಇನ್ನು ದಗ್ಧರಥ ಎನ್ನುತ್ತಾನೆ ಅವನು. ಇಬ್ಬರೂ ಗೆಳೆಯರಾಗುತ್ತಾರೆ, ಅರ್ಜುನ ಆಗ್ನೇಯಾಸ್ತ್ರವನ್ನು ಅವನಿಗೇ ಕಲಿಸಿ, ಬದಲಿಗೆ ಕುದುರೆಗಳನ್ನು ಪಡೆಯುತ್ತಾನೆ.

ಖಾಂಡವದಹನದ ಕಥೆ ಇನ್ನೂ ದೊಡ್ಡದು, ಇನ್ನೂ ಕಠೋರ. ಹಸಿದ ಬ್ರಾಹ್ಮಣನ ರೂಪದಲ್ಲಿ ಬಂದ ಅಗ್ನಿ ಕೃಷ್ಣಾರ್ಜುನರಲ್ಲಿ ಕಾಡನ್ನೇ ಊಟವಾಗಿ ಬೇಡುತ್ತಾನೆ. ಅದಕ್ಕಾಗಿ ವರುಣನಿಂದ ಗಾಂಡೀವ, ಬತ್ತದ ಬತ್ತಳಿಕೆಗಳು, ಕಪಿಧ್ವಜದ ರಥವನ್ನು ಅರ್ಜುನನಿಗೆ ಕೊಡಿಸುತ್ತಾನೆ. ಕುರುಕ್ಷೇತ್ರವನ್ನು ಗೆದ್ದ ಬಿಲ್ಲು ಬಂದದ್ದು ಹೀಗೆ, ಒಂದು ಕಾಡಿನ ಬೆಲೆಗೆ. ಮಯ, ತಕ್ಷಕನ ಮಗ ಅಶ್ವಸೇನ, ನಾಲ್ಕು ಶಾರ್ಙ್ಗಕ ಮರಿಹಕ್ಕಿಗಳು, ಉಳಿದವರು ಇಷ್ಟೇ ಎಂದು ಹೆಸರು ಹಿಡಿದು ಹೇಳುವ ಮಹಾಭಾರತ ಸತ್ತವರ ಲೆಕ್ಕವನ್ನು ಓದುಗನ ಮನಸ್ಸಿನ ಮೇಲೆ ಬಿಡುತ್ತದೆ.

ದೇವಸೇನಾಪತಿ ಕಾರ್ತಿಕೇಯನೂ ಅಗ್ನಿಯ ಮಗನೆಂದು ಹೆಸರಾದವನು. ಶಿವನ ತೇಜಸ್ಸನ್ನು ಹೊತ್ತವನು ಅಗ್ನಿ, ಅದರಿಂದಲೇ ಕುಮಾರನಿಗೆ ಪಾವಕಿ, ಅಗ್ನಿಭೂ ಎಂಬ ಹೆಸರುಗಳು. ಕುಕ್ಕೆಯಲ್ಲಿ ನಾಗರೂಪದಲ್ಲಿ ಪೂಜೆಗೊಳ್ಳುವ ಸುಬ್ರಹ್ಮಣ್ಯನೂ ಇವನೇ. ದ್ರೌಪದಿ ಮತ್ತು ಧೃಷ್ಟದ್ಯುಮ್ನರು ದ್ರುಪದನ ಯಜ್ಞದಲ್ಲಿ ಹುಟ್ಟಿದವರು. ಬೆಂಗಳೂರು ಕರಗ ಈ ದ್ರೌಪದಿಯ ಹಬ್ಬ. ತಿಮಿರಾಸುರನ ವಿರುದ್ಧ ಕಾದಲು ಅವಳು ಸೃಷ್ಟಿಸಿದವರೆಂದು ನಂಬಲಾದ ವೀರಕುಮಾರರು ಇಂದಿಗೂ ಖಡ್ಗ ಹಿಡಿದು ಕರಗದ ಜೊತೆ ಓಡುತ್ತಾರೆ. ಕರಗ ನಡೆಸುವ ತಿಗಳ ಸಮುದಾಯದವರು ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುತ್ತಾರೆ. ಅತ್ತ ರಾಜಸ್ಥಾನದಲ್ಲಿ ಪರಮಾರ, ಚೌಹಾನ ಮೊದಲಾದ ಮನೆತನಗಳು ಅಬು ಬೆಟ್ಟದ ಅಗ್ನಿಕುಂಡದಿಂದ ಹುಟ್ಟಿದವೆಂಬ ಅಗ್ನಿವಂಶದ ಕಥೆಯಿದೆ. ಯೋಧನನ್ನು ಬೆಂಕಿಯ ಮಗನೆಂದು ಕಾಣುವ ಕಲ್ಪನೆ ಹೀಗೆ ‘ಅಗ್ನಿವೀರ’ ಪದಕ್ಕಿಂತ ಬಹಳ ಹಳೆಯದು.

ಇನ್ನೊಂದು ಚಿತ್ರ ತೈತ್ತಿರೀಯ ಸಂಹಿತೆಯದು. ಅಸುರರ ಮೂರು ಪುರಗಳನ್ನು ಒಡೆಯಲು ದೇವತೆಗಳು ಬಾಣವೊಂದನ್ನು ಕಟ್ಟುತ್ತಾರೆ. ಅದರ ಮೊನೆ ಅಗ್ನಿ, ಉಳಿದ ಭಾಗಗಳು ಸೋಮ ಮತ್ತು ವಿಷ್ಣು, ಅದನ್ನು ಎಸೆಯುವವನು ರುದ್ರ. ಹಲವು ಬಿಡಿಭಾಗಗಳನ್ನು ಜೋಡಿಸಿ, ತುದಿಯಲ್ಲಿ ಬೆಂಕಿಯಿಟ್ಟು, ದೂರದ ಕೋಟೆಗೆ ಗುರಿಯಿಡುವ ಆಯುಧದ ಕಲ್ಪನೆ ಇದು. ಇದನ್ನು ಓದಿ ‘ಕ್ಷಿಪಣಿ ನಮ್ಮಲ್ಲಿ ಆಗಲೇ ಇತ್ತು’ ಎನ್ನುವವರಿದ್ದಾರೆ. ಆ ಮಾತು ವೇದಕ್ಕೂ ನ್ಯಾಯ ಮಾಡುವುದಿಲ್ಲ, ನಮ್ಮ ಎಂಜಿನಿಯರುಗಳ ದುಡಿಮೆಗೂ ನ್ಯಾಯ ಮಾಡುವುದಿಲ್ಲ.

ಬೆಂಕಿಗೆ ಹಾಕಿದ ಕಟ್ಟು

ಬೆಂಕಿಯ ಆಯುಧವನ್ನು ಹೊಗಳಿದ ಪರಂಪರೆಯೇ ಅದಕ್ಕೆ ಕಟ್ಟನ್ನೂ ಹಾಕಿತು. ಮನುಸ್ಮೃತಿಯ 7ನೆಯ ಅಧ್ಯಾಯ ವಿಷದ ಬಾಣಗಳ ಜೊತೆಗೆ ಮೊನೆಯಲ್ಲಿ ಬೆಂಕಿ ಉರಿಯುವ ಬಾಣಗಳನ್ನೂ ಯುದ್ಧದಲ್ಲಿ ನಿಷೇಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಬೆಂಕಿ ಹಚ್ಚುವ ಮಿಶ್ರಣಗಳನ್ನು ವಿವರವಾಗಿ ಹೇಳುತ್ತದೆ. ಕೋಟೆಯೊಳಗೆ ಗೂಡು ಕಟ್ಟಿದ ಹಕ್ಕಿಗಳನ್ನು ಹಿಡಿದು ಬಾಲಕ್ಕೆ ಅಂಥ ಮಿಶ್ರಣ ಕಟ್ಟಿ ಬಿಡುವ ಉಪಾಯವೂ ಅದರಲ್ಲಿದೆ. ಅದೇ ಪ್ರಕರಣದಲ್ಲಿ ಅವನು, ಕಾದಾಡಿ ಗೆಲ್ಲಬಹುದಾದ ಕೋಟೆಗೆ ಬೆಂಕಿ ಹಾಕಬಾರದು, ಬೆಂಕಿಯನ್ನು ನಂಬುವಂತಿಲ್ಲ, ಅದು ಜನ, ಧಾನ್ಯ, ದನಕರು ಎಂದು ನೋಡದೆ ನುಂಗುತ್ತದೆ ಎಂದು ತಿಳಿಸುತ್ತಾನೆ. ನಿಷ್ಠುರ ರಾಜನೀತಿಜ್ಞನೆಂದು ಹೆಸರಾದವನ ಬಾಯಿಂದ ಬಂದ ಈ ಎಚ್ಚರಿಕೆಗೆ ತೂಕವಿದೆ.

ಕನ್ನಡ ನೆಲದಲ್ಲಿ ಅಗ್ನಿಬಾಣ ನಿಜದ ಆಯುಧವಾದದ್ದು 18ನೆಯ ಶತಮಾನದಲ್ಲಿ. ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರು ಕಟ್ಟಿ ಹಾರಿಸುತ್ತಿತ್ತು. ಕಾಗದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣ ಹೆಚ್ಚಿನ ಒತ್ತಡ ತಡೆಯುವುದರಿಂದ ಈ ಬಾಣಗಳು ಹೆಚ್ಚು ದೂರ ಹೋಗುತ್ತಿದ್ದವು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರು ಇದರ ಪೆಟ್ಟು ತಿಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದ ಬಾಣಗಳು ಇಂಗ್ಲೆಂಡಿಗೆ ಹೋಗಿ ಕಾಂಗ್ರೀವ್ ರಾಕೆಟ್ಟಿಗೆ ಮಾದರಿಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದ ಬಳಿ ಬತ್ತಿದ ಬಾವಿಯೊಂದರಿಂದ ಇಂಥ 1,000ಕ್ಕೂ ಹೆಚ್ಚು ಬಾಣಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ‘ಬಾಣ’ ಎಂಬ ಸಂಸ್ಕೃತ ಪದವೇ ‘ಬಾನ್’ ಆಗಿ ಮೊಗಲರ ಕಾಲದಲ್ಲಿ ರಾಕೆಟ್ಟಿನ ಹೆಸರಾಗಿತ್ತು. ಹೆಸರುಗಳಿಗೆ ಮತದ ಬೇಲಿ ಇಲ್ಲವೆನ್ನಲು ಇದೊಂದು ಗುರುತು. ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ಬಾಣ ಹಾರಿಸುವ ಚಿತ್ರ ನೋಡಿ ರೋಮಾಂಚನಗೊಂಡ ತರುಣನ ಹೆಸರು ಎ.ಪಿ.ಜೆ. ಅಬ್ದುಲ್ ಕಲಾಂ.

ಅಗ್ನಿ ಕ್ಷಿಪಣಿ

ಕಲಾಂ 1982ರಲ್ಲಿ ಹೈದರಾಬಾದಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾದರು. ಮರುವರ್ಷ ಸಮಗ್ರ ಮಾರ್ಗದರ್ಶಿತ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮಕ್ಕೆ 388 ಕೋಟಿ ರೂಪಾಯಿ ಮಂಜೂರಾಯಿತು. ಅದರ ಐದು ಹೆಸರುಗಳು ಪೃಥ್ವಿ, ಅಗ್ನಿ, ಆಕಾಶ್, ತ್ರಿಶೂಲ್, ನಾಗ್. ಮೊದಲ ಮೂರು ಪಂಚಭೂತಗಳಿಂದ ಬಂದವು. ಪೃಥ್ವಿ ಎಂದರೆ ಭೂಮಿ. ಆದರೂ ಅದು ಪೃಥ್ವಿರಾಜ ಚೌಹಾನನ ಹೆಸರೆಂದು ಗಡಿಯಾಚೆ ಭಾವಿಸಿ, ಅವನನ್ನು ಸೋಲಿಸಿದ ಘೋರಿಯ ಹೆಸರನ್ನು ಪಾಕಿಸ್ತಾನ 1998ರ ತನ್ನ ಕ್ಷಿಪಣಿಗೆ ಇಟ್ಟಿತೆಂಬ ಮಾತು ಪ್ರಚಲಿತವಾಗಿದೆ. ಅಲ್ಲಿಂದಾಚೆ ಗಜ್ನವಿ, ಅಬ್ದಾಲಿ ಎಂಬ ಹೆಸರುಗಳೂ ಬಂದವು.

ಅಗ್ನಿಯನ್ನು ಆರಂಭದಲ್ಲಿ ಆಯುಧವೆಂದು ಕರೆಯಲಿಲ್ಲ, ತಂತ್ರಜ್ಞಾನ ಪ್ರದರ್ಶಕ ಎಂದರು. ವಾತಾವರಣದಿಂದ ಹೊರಗೆ ಹೋಗಿ ಮರಳಿ ಒಳನುಗ್ಗುವ ವಾಹನವನ್ನು ಉರಿಯದಂತೆ ಉಳಿಸಿಕೊಳ್ಳಬಲ್ಲೆವೇ ಎಂಬುದು ವಿಜ್ಞಾನಿಗಳ ಎದುರಿಗಿದ್ದ ಪ್ರಶ್ನೆ. 1989ರ ಏಪ್ರಿಲ್ ಮತ್ತು ಮೇ ಮೊದಲಲ್ಲಿ ಒಡಿಶಾದ ಚಾಂದೀಪುರದಲ್ಲಿ ಎರಡು ಬಾರಿ ಉಡಾವಣೆ ನಿಂತುಹೋಯಿತು. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದವು. ದೇಶದ ಹೆಸರಾಂತ ಬೆಣ್ಣೆಯ ಜಾಹೀರಾತು ಅಗ್ನಿಗೆ ತನ್ನ ಬೆಣ್ಣೆಯನ್ನೇ ಇಂಧನವಾಗಿ ಹಾಕಿರೆಂದು ಸೂಚಿಸಿದ್ದನ್ನು ಕಲಾಂ ತಮ್ಮ ಆತ್ಮಕಥೆ ‘ವಿಂಗ್ಸ್ ಆಫ್ ಫೈರ್’ನಲ್ಲಿ ನೆನೆದಿದ್ದಾರೆ. ಅಗ್ನಿಗೆ ಆಜ್ಯ ಸುರಿಯುವ ನೆನಪು ಜನರಲ್ಲಿ ಅಷ್ಟು ಸಹಜವಾಗಿತ್ತು. ಮೇ 22ರ ಬೆಳಗ್ಗೆ ಅಗ್ನಿ ಹಾರಿತು. 1992ರ ಪ್ರಯೋಗ ಸೋತಿತು, 1994ರದು ಗೆದ್ದಿತು, ಆಮೇಲೆ ಹೊರಗಿನ ಒತ್ತಡದಲ್ಲಿ ಕೆಲಸ ಕೆಲವು ವರ್ಷ ನಿಂತಿತು.

ಮುಂದಿನ ಹಂತಗಳನ್ನು ಚುಟುಕಾಗಿ ಹೇಳಬಹುದು. 1999ರಲ್ಲಿ 2,000 ಕಿ.ಮೀ.ಗೂ ಹೆಚ್ಚು ದೂರದ ಅಗ್ನಿ–2, 2002ರಲ್ಲಿ 700 ಕಿ.ಮೀ.ಯ ಅಗ್ನಿ–1 ಬಂದವು. ಅಗ್ನಿ–3 2006ರಲ್ಲಿ ಸೋತು 2007ರಲ್ಲಿ ಗೆದ್ದಿತು. 2011ರಲ್ಲಿ ಅಗ್ನಿ–4, 2012ರ ಏಪ್ರಿಲ್ 19ರಂದು 5,000 ಕಿ.ಮೀ. ದಾಟಬಲ್ಲ, ಸುಮಾರು 50 ಟನ್ ತೂಕದ ಅಗ್ನಿ–5 ಹಾರಿದವು. 2021ರಲ್ಲಿ ಅಗ್ನಿ–ಪ್ರೈಮ್ ಸೇರಿತು. 2024ರ ಮಾರ್ಚ್ 11ರಂದು ಒಂದೇ ಅಗ್ನಿ–5ರಿಂದ ಹಲವು ಸಿಡಿತಲೆಗಳನ್ನು ಬೇರೆ ಬೇರೆ ಗುರಿಗಳಿಗೆ ಕಳಿಸುವ ಪ್ರಯೋಗ ನಡೆದಾಗ ಅದಕ್ಕಿಟ್ಟ ಹೆಸರು ಮಿಷನ್ ದಿವ್ಯಾಸ್ತ್ರ. ಮೊದಲ ಅಗ್ನಿಗಳ ಹೊಣೆ ಹೊತ್ತ ರಾಮ್ ನಾರಾಯಣ್ ಅಗರ್‌ವಾಲ್ ಅವರನ್ನು ಅಗ್ನಿಯ ಪಿತಾಮಹರೆಂದೂ, ಅಗ್ನಿ–4 ಮತ್ತು 5ರ ಹೊಣೆ ಹೊತ್ತ, ಕೇರಳದ ಆಲಪ್ಪುಳದ ಟೆಸ್ಸಿ ಥಾಮಸ್ ಅವರನ್ನು ಅಗ್ನಿಪುತ್ರಿಯೆಂದೂ ಪತ್ರಿಕೆಗಳು ಕರೆದವು. ಪುರಾಣದಲ್ಲಿ ಅಗ್ನಿಪುತ್ರಿ ದ್ರೌಪದಿ. ಆ ಹೆಸರು ಒಬ್ಬ ಎಂಜಿನಿಯರಿಗೆ ಬಂದದ್ದು ನಾಮಕರಣದ ಈ ಕಥೆಯಲ್ಲೇ ಸುಂದರವಾದ ತಿರುವು.

ಕ್ಷಿಪಣಿಯ ಒಳಗೆ ಇಣುಕಿದರೆ ಹೆಸರು ಎಷ್ಟು ಸರಿಯಾಗಿ ಕೂತಿದೆ ಎಂಬುದು ತಿಳಿಯುತ್ತದೆ. ಕೆಳಗೆ ಉರಿಯುವುದು ಒಯ್ಯುವ ಬೆಂಕಿ, ಹವ್ಯವಾಹನದು. ಇನ್ನೊಂದು ಬೆಂಕಿ ಮೊನೆಯಲ್ಲಿ ಕಾದಿರುತ್ತದೆ: ಮರಳಿ ವಾತಾವರಣಕ್ಕೆ ನುಗ್ಗುವಾಗ ಗಾಳಿಯ ಅಡ್ಡಿಯಿಂದ ಹುಟ್ಟುವ ಕಾವು. 2011ರ ಅಗ್ನಿ–4 ಪ್ರಯೋಗದಲ್ಲಿ ಹೊರಗಿನ ಉಷ್ಣತೆ 3,000 ಡಿಗ್ರಿ ಸೆಲ್ಸಿಯಸ್ ದಾಟಿದರೂ ಒಳಗೆ 50 ಡಿಗ್ರಿಗಿಂತ ಕಡಿಮೆಯಿತ್ತು. ಕಾವನ್ನು ತಡೆದ ಕವಚ ಇಂಗಾಲದ ನೂಲುಗಳನ್ನು ಹೆಣೆದು ಮಾಡಿದ್ದು. ಇಂಥ ಹಗುರ ವಸ್ತುವನ್ನು ಪ್ರಯೋಗಾಲಯದಲ್ಲಿ ಕೈಯಲ್ಲಿ ಎತ್ತಿ ನೋಡಿದ ಹೈದರಾಬಾದಿನ ಮೂಳೆವೈದ್ಯರೊಬ್ಬರು ಕಲಾಂ ಅವರನ್ನು ತಮ್ಮ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಪೋಲಿಯೋ ಪೀಡಿತ ಮಕ್ಕಳು ಸುಮಾರು 3 ಕೆ.ಜಿ. ತೂಕದ ಲೋಹದ ಕಾಲುಪಟ್ಟಿಗಳನ್ನು ಎಳೆದುಕೊಂಡು ನಡೆಯುತ್ತಿದ್ದರು. ಕೆಲವೇ ವಾರಗಳಲ್ಲಿ 300 ಗ್ರಾಂ ತೂಕದ ಪಟ್ಟಿಗಳು ಸಿದ್ಧವಾದವು. ತಮ್ಮ ಬದುಕಿನ ದೊಡ್ಡ ಸಂತೋಷಗಳಲ್ಲಿ ಇದನ್ನು ಕಲಾಂ ಮತ್ತೆ ಮತ್ತೆ ಹೇಳಿಕೊಂಡರು. ಪಾವಕ ಎಂಬ ಹೆಸರಿಗೆ ತಕ್ಕ ಕೆಲಸ ಅಗ್ನಿ ಕಾರ್ಯಕ್ರಮದಲ್ಲಿ ಎಲ್ಲಾದರೂ ಆಗಿದ್ದರೆ ಅದು ಆ ಮಕ್ಕಳ ಕಾಲಲ್ಲಿ.

ಅದೇ ಬಳಗದ ಹೆಸರುಗಳು

ಬೆಂಗಳೂರಿನ ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲು ಹಾರಿತು. 2003ರಲ್ಲಿ ಪ್ರಧಾನಿ ವಾಜಪೇಯಿ ಅದಕ್ಕೆ ಈ ಹೆಸರಿಟ್ಟರು. ತೇಜಸ್ ಎಂದರೆ ಕಾಂತಿ ಎಂದು ಹೇಳಿ ಬಿಡುವುದು ವಾಡಿಕೆ. ವೈಶೇಷಿಕ ದರ್ಶನದಲ್ಲಿ ಅಗ್ನಿಭೂತದ ಹೆಸರೇ ತೇಜಸ್. ಹಾಗಾಗಿ ಹೈದರಾಬಾದಿನ ಕ್ಷಿಪಣಿಯೂ ಬೆಂಗಳೂರಿನ ವಿಮಾನವೂ ಒಂದೇ ಭೂತದ ಎರಡು ಹೆಸರು ಹೊತ್ತಿವೆ. ಅದಕ್ಕೂ ಮೊದಲು, 1961ರಲ್ಲಿ, ಇದೇ ಊರಿನಲ್ಲಿ ಹಾರಿದ ಯುದ್ಧವಿಮಾನ ಮರುತ್, ಅಂದರೆ ಗಾಳಿ. ನೀರಿನ ಪಾಲಿಗೆ ವರುಣಾಸ್ತ್ರ ಟಾರ್ಪಿಡೊ ಬಂದಿದೆ. ಬಹುನಳಿಗೆ ರಾಕೆಟ್ ವ್ಯವಸ್ಥೆ ಪಿನಾಕ ಶಿವನ ಬಿಲ್ಲು. ಸಶಸ್ತ್ರ ಹೆಲಿಕಾಪ್ಟರ್ ರುದ್ರನಿಗೆ ವೇದದಲ್ಲೇ ಅಗ್ನಿಯೊಡನೆ ಅಭೇದವಿದೆ. ಎಲ್ಲ ಹೆಸರೂ ಪುರಾಣದ್ದೆಂದು ಮಾತ್ರ ತಿಳಿಯಬಾರದು. ಬ್ರಹ್ಮೋಸ್ ಬ್ರಹ್ಮಾಸ್ತ್ರದಿಂದ ಬಂದದ್ದಲ್ಲ, ಬ್ರಹ್ಮಪುತ್ರ ಮತ್ತು ಮಾಸ್ಕ್ವಾ ನದಿಗಳ ಜೋಡಿ. ತೇಜಸ್‌ಗೆಂದು ಬೆಂಗಳೂರಿನಲ್ಲಿ ರೂಪಿಸಹೊರಟ, ಉರಿಯನ್ನೇ ಉಗುಳುವ ಎಂಜಿನ್ನಿಗೆ ಇಟ್ಟ ಹೆಸರು ಕಾವೇರಿ.

ಬಳಕೆಗೆ ಬಾರದ ಒಂದು ಹೆಸರನ್ನೂ ಇಲ್ಲಿ ನೆನೆಯಬೇಕು. ಲೋಕವನ್ನೇ ಸುಡಹೊರಟ ಔರ್ವ ಋಷಿ ಪಿತೃಗಳ ಮಾತಿಗೆ ಓಗೊಟ್ಟು ತನ್ನ ಕೋಪದ ಬೆಂಕಿಯನ್ನು ಕಡಲಿಗೆ ಬಿಟ್ಟ. ಕುದುರೆಯ ಮುಖ ತಾಳಿ ನೀರಡಿಯಲ್ಲಿ ಉರಿಯುತ್ತಿರುವ ಅದೇ ಬಡಬಾಗ್ನಿ. ಸುಡುವ ಸಾಮರ್ಥ್ಯವಿದ್ದೂ ಸುಡದೆ ಕಡಲಲ್ಲಿ ಅಡಗಿಸಿಟ್ಟ ಬೆಂಕಿಗೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದವಿಲ್ಲ. ಆದರೆ ಜಲಾಂತರ್ಗಾಮಿಯಿಂದ ಹಾರುವ ಕ್ಷಿಪಣಿಗೆ ಬಂದ ಹೆಸರು ಸಾಗರಿಕಾ.

ಮರಳಿ ಪಡೆಯುವ ವಿದ್ಯೆ

ಮಹಾಭಾರತ ಯುದ್ಧದ ಕೊನೆಯ ಅಸ್ತ್ರಪ್ರಯೋಗದಲ್ಲಿ ಅಶ್ವತ್ಥಾಮ ಮತ್ತು ಅರ್ಜುನ ಇಬ್ಬರೂ ಬ್ರಹ್ಮಶಿರೋಸ್ತ್ರ ಬಿಡುತ್ತಾರೆ. ನಾರದ, ವ್ಯಾಸರು ನಡುವೆ ನಿಂತು ತಡೆದಾಗ ಅರ್ಜುನ ತನ್ನದನ್ನು ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಬಿಡಲು ಬರುತ್ತದೆ, ಹಿಂಪಡೆಯಲು ಬರುವುದಿಲ್ಲ. ಅದು ಪಾಂಡವ ಸ್ತ್ರೀಯರ ಗರ್ಭದ ಮೇಲೆ ತಿರುಗುತ್ತದೆ. ಇಂದಿನ ಖಂಡಾಂತರ ಕ್ಷಿಪಣಿಗಳು ಈ ವಿಷಯದಲ್ಲಿ ಅಶ್ವತ್ಥಾಮನ ಪಂಗಡಕ್ಕೆ ಸೇರಿದವು: ಹಾರಿದ ಮೇಲೆ ಮರಳಿ ಕರೆಯುವಂತಿಲ್ಲ. ಸಂಯಮವೆಲ್ಲ ಹಾರುವ ಮುಂಚೆಯೇ ಇರಬೇಕು. 2003ರ ಜನವರಿಯಲ್ಲಿ ಪ್ರಕಟವಾದ ಭಾರತದ ಪರಮಾಣು ನೀತಿ ತಾನಾಗಿ ಮೊದಲು ಬಳಸುವುದಿಲ್ಲ ಎಂದು ಹೇಳಿದ್ದು ಆ ಸಂಯಮ. ಅಗ್ನಿ ಎಂಬ ಹೆಸರಿಗೆ ಒಪ್ಪುವ ಮಾತು ಕ್ಷಿಪಣಿಯ ದೂರದಲ್ಲಿರುವುದಕ್ಕಿಂತ ಹೆಚ್ಚಾಗಿ ಈ ನೀತಿಯಲ್ಲಿದೆ.

ಅಗ್ನಿಪಥ ಮತ್ತು ಅಗ್ನಿವೀರ

2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆ ಪ್ರಕಟಿಸಿತು. ಅಧಿಕಾರಿಗಳಿಗಿಂತ ಕೆಳಗಿನ ಹುದ್ದೆಗಳಿಗೆ ಹದಿನೇಳೂವರೆಯಿಂದ 21 ವರ್ಷದವರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಂಡು, ಅವರಲ್ಲಿ ಶೇ 25ರಷ್ಟು ಮಂದಿಯನ್ನು ಉಳಿಸಿಕೊಳ್ಳುವುದು ಆಗಿನ ಘೋಷಣೆಯ ಸಾರ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000, ಹೊರಡುವಾಗ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ. ಪಿಂಚಣಿ ಇಲ್ಲ. ಹೆಸರು ಹಿಂದಿ ಓದುಗರಿಗೆ ಹರಿವಂಶರಾಯ್ ಬಚ್ಚನರ ಕವಿತೆಯಿಂದ, ಉಳಿದವರಿಗೆ 1990ರ ಚಲನಚಿತ್ರದಿಂದ ಮೊದಲೇ ಪರಿಚಿತವಾಗಿತ್ತು. ಘೋಷಣೆಯಾದ ವಾರದಲ್ಲೇ ಪ್ರತಿಭಟನೆ ಭುಗಿಲೆದ್ದು ಬಿಹಾರದಲ್ಲಿ ರೈಲುಗಳು ಉರಿದವು. ಜೂನ್ 17ರಂದು ಸಿಕಂದರಾಬಾದ್ ನಿಲ್ದಾಣದಲ್ಲಿ ಒಬ್ಬ ಯುವಕ ಸತ್ತ. ಎರಡು ವರ್ಷ ಕೊರೊನಾದಿಂದ ನೇಮಕಾತಿ ನಿಂತು, ವಯಸ್ಸು ಮೀರುತ್ತಿದ್ದ ಹುಡುಗರ ಸಂಕಟ ಅದರ ಹಿಂದಿತ್ತು. ಸರ್ಕಾರ ಆ ಒಂದು ವರ್ಷಕ್ಕೆ ವಯೋಮಿತಿಯನ್ನು 23ಕ್ಕೆ ಏರಿಸಿತು.

ಕರ್ನಾಟಕದಲ್ಲಿ ಈ ಪದ ಬೇಗ ಮನೆಮಾತಾಯಿತು. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರ, ಸಾಂಬ್ರಾದ ವಾಯುಸೇನಾ ತರಬೇತಿ ಶಾಲೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗುಂಪಿನ ಕೇಂದ್ರಗಳಲ್ಲಿ ಅಗ್ನಿವೀರರು ತರಬೇತಿ ಪಡೆಯುತ್ತಾರೆ. ನಸುಕಿನಲ್ಲಿ ಊರಾಚೆಯ ರಸ್ತೆಯಲ್ಲಿ ಓಡುವ ಹುಡುಗರನ್ನು ಕೇಳಿದರೆ ‘ಮಿಲಿಟರಿಗೆ’ ಎನ್ನುತ್ತಿದ್ದವರು ಈಗ ‘ಅಗ್ನಿವೀರಕ್ಕೆ’ ಎನ್ನುತ್ತಾರೆ.

ಹೆಸರಿನ ಬಗ್ಗೆ ಆಕ್ಷೇಪಗಳೂ ಇವೆ. ಎಲ್ಲ ಮತದವರೂ ಇರುವ ಸೇನೆಗೆ ಒಂದೇ ಪರಂಪರೆಯ ಪದವೇಕೆ ಎಂಬುದು ಒಂದು; ಆಯುಧಕ್ಕೆ ದೇವರ ಹೆಸರಿಟ್ಟರೆ ಅದನ್ನು ಪ್ರಶ್ನಿಸುವುದು ಕಷ್ಟವಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಲಾಂ ಅವರ ಬದುಕೇ ಬಹುಮಟ್ಟಿಗೆ ಉತ್ತರ. ಎರಡನೆಯದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ದೇವತೆಯನ್ನೇ ಪ್ರಶ್ನಿಸುವ ಧೈರ್ಯ ಮೂಲದಲ್ಲಿತ್ತು. ಭೃಗು ಮಹರ್ಷಿ ಅಗ್ನಿಗೆ ಎಲ್ಲವನ್ನೂ ತಿನ್ನುವವನಾಗು ಎಂದು ಶಾಪ ಕೊಟ್ಟದ್ದು ಆದಿಪರ್ವದಲ್ಲೇ ಇದೆ. ಅಗ್ನಿವೀರನ ನಾಲ್ಕು ವರ್ಷವನ್ನು ಕುರಿತು ನಡೆಯುವ ಚರ್ಚೆಯೂ ಅಷ್ಟೇ ನೇರವಾಗಿರಬೇಕು. ಹೆಸರಿನ ಪ್ರಭೆ ಅದಕ್ಕೆ ಅಡ್ಡ ಬರಬಾರದು. 2022ರ ಕೊನೆಯಿಂದ ತರಬೇತಿಗೆ ಸೇರಿದ ಮೊದಲ ತಂಡಗಳ ಅವಧಿ 2026ರ ಕೊನೆಯ ಹೊತ್ತಿಗೆ ತುಂಬುತ್ತದೆ. ನಾಲ್ವರಲ್ಲಿ ಮೂವರು ಆಯುಧ ಒಪ್ಪಿಸಿ ಊರಿಗೆ ಮರಳುತ್ತಾರೆ.

ಆಯುಧ ಒಪ್ಪಿಸುವ ಘಳಿಗೆ ಮಹಾಭಾರತದಲ್ಲೂ ಇದೆ, ಮಹಾಪ್ರಸ್ಥಾನಪರ್ವದಲ್ಲಿ. ರಾಜ್ಯ ಬಿಟ್ಟು ನಾರುಡೆಯುಟ್ಟು ಹೊರಟ ಪಾಂಡವರು ಮೂಡಣ ಕಡಲನ್ನು ಮುಟ್ಟುತ್ತಾರೆ. ಎಲ್ಲ ತೊರೆದರೂ ಅರ್ಜುನನ ಹೆಗಲಲ್ಲಿ ಗಾಂಡೀವ ಇನ್ನೂ ಇದೆ, ಬತ್ತಳಿಕೆಗಳೂ ಇವೆ. ಅವುಗಳ ಮೇಲಿನ ಆಸೆ ಬಿಟ್ಟಿಲ್ಲ. ಆಗ ಅಗ್ನಿ ಬೆಟ್ಟದಂತೆ ದಾರಿಗೆ ಅಡ್ಡ ನಿಲ್ಲುತ್ತಾನೆ. ಖಾಂಡವದಲ್ಲಿ ನಿನಗಾಗಿ ವರುಣನಿಂದ ತಂದ ಬಿಲ್ಲು ಇದು, ಕೆಲಸ ಮುಗಿಯಿತು, ಅವನಿಗೆ ಮರಳಿಸು ಎಂದು ಕೇಳುತ್ತಾನೆ. ಅಣ್ಣತಮ್ಮಂದಿರೂ ಒತ್ತಾಯಿಸುತ್ತಾರೆ. ಅರ್ಜುನ ಬಿಲ್ಲನ್ನೂ ಎರಡು ಬತ್ತಳಿಕೆಗಳನ್ನೂ ನೀರಿಗೆ ಎಸೆಯುತ್ತಾನೆ. ಅಗ್ನಿ ಅಲ್ಲೇ ಮರೆಯಾಗುತ್ತಾನೆ, ಪಾಂಡವರು ದಕ್ಷಿಣಕ್ಕೆ ಮುಖ ಮಾಡಿ ನಡೆಯುತ್ತಾರೆ.